ಒಂದು ವಾರದಲ್ಲಿ ಹೋಟೆಲ್ ಉಳಿಯುತ್ತಾ?

ಪ್ರಶ್ನೆ: ಸರ್, ನಮ್ಮ ಭಾವನವರು ದಾವಣಗೆರೆಯಲ್ಲಿ ಹನ್ನೊಂದು ವರ್ಷಗಳಿಂದ ಹೋಟೆಲ್ ನಡೆಸುತ್ತಿದ್ದಾರೆ. ಮೊದಲೆಲ್ಲ ಚೆನ್ನಾಗಿತ್ತು. ಈಗ ಎರಡು ವರ್ಷಗಳಿಂದ ತಿಂಗಳ ಕೊನೆಗೆ ಕೈಯಿಂದಲೇ ಹಾಕಬೇಕಾಗಿದೆ. ಅವರ ಮಗ ಫೋನಿನಲ್ಲಿ ಬ್ರಿಟನ್ನಿನ ಬಾಣಸಿಗ ಗೋರ್ಡನ್ ರಾಮ್ಸೆ ಮುಳುಗುವ ಹೋಟೆಲ್ ಎತ್ತಲು ಹೋಗುವ ಟಿವಿ ಕಾರ್ಯಕ್ರಮ ನೋಡಿ ನೋಡಿ, "ಅಪ್ಪಾ, ಏಳು ಲಕ್ಷ ಸಾಲ ತಂದು ಒಳಗೆಲ್ಲ ಹೊಸದು ಮಾಡಿಸೋಣ. ಮೆನು ಬದಲಿಸೋಣ, ಹೆಸರೂ ಬದಲಿಸೋಣ" ಅನ್ನುತ್ತಿದ್ದಾನೆ. ಆ ಕಾರ್ಯಕ್ರಮಗಳಲ್ಲಿ ತೋರಿಸುವುದು ನಿಜವಾ? ಮುಳುಗುತ್ತಿರುವ ಹೋಟೆಲ್ ಒಂದು ವಾರದಲ್ಲಿ ಸರಿಹೋಗುತ್ತಾ? ಅಲ್ಲಿ ಬಂದ ಎಷ್ಟೋ ಹೋಟೆಲ್‌ಗಳು ಆಮೇಲೆ ಮುಚ್ಚಿದವು ಅಂತಲೂ ಓದಿದೆ. ಯಾಕೆ ಹಾಗೆ?
ಓದುಗರೊಬ್ಬರು, ದಾವಣಗೆರೆ

ಉತ್ತರ: ನೀವು ಕೇಳಿರುವುದು ಮೂರು ಪ್ರಶ್ನೆ. ನನ್ನ ಕಣ್ಣು ನಿಂತದ್ದು ಮಾತ್ರ ಆ ಏಳು ಲಕ್ಷದ ಮೇಲೆ. ಸಾಲ ಇನ್ನೂ ತಂದಿಲ್ಲ ತಾನೆ? ಹಾಗಾದರೆ ಇದನ್ನು ಓದಿ ಮುಗಿಸುವ ತನಕ ತರಬೇಡಿ.

ನಾನು ಇಪ್ಪತ್ತಮೂರು ವರ್ಷಗಳಿಂದ ಹೋಟೆಲ್‌ಗಳ ಲೆಕ್ಕ ನೋಡುವವನು. ಅಡುಗೆ ನನಗೆ ಬರುವುದಿಲ್ಲ, ಕಾಫಿ ಒಂದು ಮಾಡಬಲ್ಲೆ. ಆದರೆ ಗಲ್ಲಾದ ಆಚೆ ಏನು ನಡೆಯುತ್ತದೆ ಅನ್ನುವುದು ಗೊತ್ತು. ಈ ಕಾರ್ಯಕ್ರಮಗಳನ್ನೂ ಮನೆಯಲ್ಲಿ ಬೈಸಿಕೊಳ್ಳುವಷ್ಟು ನೋಡಿದ್ದೇನೆ. ಹಾಗಾಗಿ ನಿಮ್ಮ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ನೋಡುವಾಗ ನನಗೂ ಹಾಗೇ ಅನಿಸುತ್ತದೆ.

ನಿಜವಾ ಅನ್ನುವುದನ್ನು ಮೊದಲು ನೋಡೋಣ. ಇಂಥ ಕಾರ್ಯಕ್ರಮಗಳಿಗೆ ದೊಡ್ಡ ಹೆಸರು ತಂದದ್ದು 'ರಾಮ್ಸೇಸ್ ಕಿಚನ್ ನೈಟ್‌ಮೇರ್ಸ್'. ಬ್ರಿಟನ್ನಿನ ಚಾನೆಲ್ 4ರಲ್ಲಿ 2004ರ ಏಪ್ರಿಲ್‌ನಲ್ಲಿ ಶುರುವಾಯಿತು. ಮೊದಲ ಕಂತಿನಲ್ಲಿ ಬಂದದ್ದು ವೆಸ್ಟ್ ಯಾರ್ಕ್‌ಶೈರ್‌ನ ಸಿಲ್ಸ್‌ಡನ್ ಎಂಬ ಸಣ್ಣ ಊರಿನ ಬೋನಪಾರ್ಟ್ಸ್ ಎಂಬ ರೆಸ್ಟೋರೆಂಟ್. ಅಲ್ಲಿನ ಅಡುಗೆಯವನು ಇನ್ನೂ ಹುಡುಗ. ಆಸೆಯೆಲ್ಲ ದೊಡ್ಡ ದೊಡ್ಡ ತಿನಿಸಿನ ಮೇಲೆ. ಒಂದು ಆಮ್ಲೆಟ್ ಮಾಡು ಅಂದರೆ ಬರಲಿಲ್ಲ. ಅವನು ಕೊಟ್ಟ ಸ್ಕ್ಯಾಲಪ್ ಹಾಳಾಗಿತ್ತು. ಸ್ಕ್ಯಾಲಪ್ ಅಂದರೆ ಕಡಲ ಚಿಪ್ಪಿನೊಳಗಿನ ಮಾಂಸ, ನಮ್ಮ ಕರಾವಳಿಯ ಮರುವಾಯಿಯ ದೂರದ ನೆಂಟ ಅಂದುಕೊಳ್ಳಿ. ರಾಮ್ಸೆ ಅದನ್ನು ತಿಂದು ಹೊರಗೆ ಹೋಗಿ ವಾಂತಿ ಮಾಡಿಕೊಂಡರು.

ಇದರಲ್ಲಿ ಕೆಲವು ದೃಶ್ಯ ನಾಟಕ ಅಂತ ಲಂಡನ್ನಿನ ಈವನಿಂಗ್ ಸ್ಟ್ಯಾಂಡರ್ಡ್ ಪತ್ರಿಕೆ ಬರೆಯಿತು. ರಾಮ್ಸೆ ಮಾನನಷ್ಟದ ಮೊಕದ್ದಮೆ ಹೂಡಿದರು. 2006ರಲ್ಲಿ ಪತ್ರಿಕೆ ಅವರಿಗೆ 75,000 ಪೌಂಡ್ ಕೊಡಬೇಕಾಯಿತು. ಅಮೆರಿಕದ ಫಾಕ್ಸ್ ವಾಹಿನಿಯ ಆವೃತ್ತಿ 2007ರಲ್ಲಿ ಬಂದಾಗಲೂ ಇದೇ ತಕರಾರು. ನ್ಯೂಯಾರ್ಕಿನ ಡಿಲನ್ಸ್ ಎಂಬ ರೆಸ್ಟೋರೆಂಟಿನ ಮ್ಯಾನೇಜರ್ ಒಬ್ಬರು, ಎಲ್ಲ ಬೇಕೆಂದೇ ಮಾಡಿಸಿದ್ದು ಅಂತ ಕೋರ್ಟಿಗೆ ಹೋದರು. ಒಪ್ಪಂದದಲ್ಲಿ ಹಾಗೇ ಇದೆ, ಮಧ್ಯಸ್ಥರ ಮುಂದೆ ಹೋಗಿ ಅಂತ ನ್ಯಾಯಾಲಯ ಹೇಳಿತು.

ನನ್ನ ಲೆಕ್ಕದಲ್ಲಿ ಅದು ಸುಳ್ಳೂ ಅಲ್ಲ, ನಿಮ್ಮ ಭಾವನವರ ಹೋಟೆಲಿನ ಮಾಮೂಲಿ ಮಂಗಳವಾರದಂಥ ನಿಜವೂ ಅಲ್ಲ. ಒಂದು ಉದಾಹರಣೆ ಹೇಳುತ್ತೇನೆ. ವ್ಯಾಪಾರವಿಲ್ಲದೆ ಖಾಲಿ ಹೊಡೆಯುವ ಜಾಗಕ್ಕೆ ಟಿವಿಯವರು ಬಂದರು ಅಂದರೆ ಊರಿಗೆ ಊರೇ ಬರುತ್ತದೆ. ದಿನಕ್ಕೆ ಇಪ್ಪತ್ತು ಪ್ಲೇಟ್ ಕೊಡುತ್ತಿದ್ದ ಅಡುಗೆಮನೆ ಅವತ್ತು ಒಂದೇ ಗಂಟೆಯಲ್ಲಿ ನೂರು ಪ್ಲೇಟ್ ಕೊಡಬೇಕು. ತಲೆಯ ಮೇಲೆ ಕ್ಯಾಮೆರಾ, ಪಕ್ಕದಲ್ಲಿ ಬೈಯುವ ಮನುಷ್ಯ. ಮದುವೆ ಮನೆಯಲ್ಲಿ ಎರಡನೇ ಪಂಕ್ತಿಗೆ ಅನ್ನ ಸಾಲದೇ ಬಂದಾಗ ಭಟ್ಟರ ಮುಖ ನೋಡಿದ್ದೀರಲ್ಲ? ಅದನ್ನೇ ಹಿಡಿದು, ಕೆಳಗೆ ಡೋಲು ಬಾರಿಸಿ, ಮೂರು ಸಲ ತೋರಿಸಿದರೆ ಎಂಥ ಒಳ್ಳೆಯ ಭಟ್ಟರೂ ಕಳ್ಳರ ಹಾಗೆ ಕಾಣುತ್ತಾರೆ. ಒಂದು ವಾರದ ಚಿತ್ರೀಕರಣ ಮುಕ್ಕಾಲು ಗಂಟೆಗೆ ಇಳಿಯುತ್ತದೆ. ಏನು ಉಳಿಯಬೇಕು ಅನ್ನುವುದನ್ನು ಹೋಟೆಲಿನವರು ಹೇಳುವುದಿಲ್ಲ.

ನಿಮ್ಮ ಹುಡುಗನಿಗೆ ಒಂದು ಕೆಲಸ ಹಚ್ಚಿ. ಅಮೆರಿಕದ ಆವೃತ್ತಿ ಬಿಟ್ಟು ಹಳೆಯ ಬ್ರಿಟಿಷ್ ಕಂತುಗಳನ್ನು ನೋಡಲಿ. ಮನುಷ್ಯ ಒಬ್ಬನೇ, ಬೈಗುಳ ಅಷ್ಟೇ ಇದೆ, ಗದ್ದಲ ಕಡಿಮೆ. ಅಲ್ಲಿ ರಾಮ್ಸೆ ಹತ್ತಿರದ ಮಾರ್ಕೆಟ್ಟಿಗೆ ಹೋಗುತ್ತಾರೆ, ಎದುರಿನ ಅಂಗಡಿಯಲ್ಲಿ ಏನು ಮಾರುತ್ತಾರೆ ಅಂತ ನೋಡುತ್ತಾರೆ, ಕೆಲವು ವಾರ ಬಿಟ್ಟು ಮತ್ತೆ ಬಂದು ನೋಡುತ್ತಾರೆ. ಗೋಡೆಯ ಬಣ್ಣದ ಮಾತು ಕಡಿಮೆ. ಅಮೆರಿಕಕ್ಕೆ ಹೋದ ಮೇಲೆ ಅಲಂಕಾರವೇ ಜಾಸ್ತಿ ಆಯಿತು. ರಾತ್ರೋರಾತ್ರಿ ಕುರ್ಚಿ, ದೀಪ, ಬೋರ್ಡು ಎಲ್ಲ ಬದಲು. ಬೆಳಿಗ್ಗೆ ಮಾಲೀಕರು ಕಣ್ಣು ಮುಚ್ಚಿಕೊಂಡು ಬಂದು, ಕಣ್ಣು ಬಿಟ್ಟು, ಅಳುತ್ತಾರೆ. 'ರೆಸ್ಟೋರೆಂಟ್: ಇಂಪಾಸಿಬಲ್' ಎಂಬ ಇನ್ನೊಂದರಲ್ಲಿ ರಾಬರ್ಟ್ ಅರ್ವಿನ್ ಎಂಬ ಬಾಣಸಿಗರಿಗೆ ಎರಡೇ ದಿನ, 10,000 ಡಾಲರ್. ಕೊನೆಗೆ ರಾಮ್ಸೆಯೇ 2018ರಲ್ಲಿ 24 ಗಂಟೆಯಲ್ಲಿ ಹೋಟೆಲ್ ರಿಪೇರಿ ಮಾಡುವ ಕಾರ್ಯಕ್ರಮ ತಂದರು. ಪರದೆಯ ಮೂಲೆಯಲ್ಲಿ ಗಡಿಯಾರ ಓಡುತ್ತಿರುತ್ತದೆ. ಇನ್ನು ಅರ್ಧ ಗಂಟೆಯಲ್ಲಿ ರಿಪೇರಿ ಅಂತ ಯಾರಾದರೂ ತಂದರೆ ನನಗೆ ಆಶ್ಚರ್ಯವಿಲ್ಲ.

ಅಂದ ಹಾಗೆ, 2004ರ ಜನವರಿಯಲ್ಲಿ, ಅಂದರೆ ಕಾರ್ಯಕ್ರಮ ಶುರುವಾಗುವ ಮೂರು ತಿಂಗಳ ಮುಂಚೆ, ಗ್ಲಾಸ್ಗೋದಲ್ಲಿ ರಾಮ್ಸೆಯ ಸ್ವಂತ ರೆಸ್ಟೋರೆಂಟ್ ಅಮರಿಲಿಸ್ ಮುಚ್ಚಿತು. ಅದಕ್ಕೆ ಮಿಶೆಲಿನ್ ಸ್ಟಾರ್ ಇತ್ತು, ಅಂದರೆ ಒಳ್ಳೆಯ ಅಡುಗೆಗೆ ಸಿಗುವ ದೊಡ್ಡ ಮಾನ್ಯತೆ. ಇದನ್ನು ಚುಚ್ಚುವುದಕ್ಕೆ ಹೇಳುತ್ತಿಲ್ಲ. ಅಡುಗೆ ಅಷ್ಟು ಚೆನ್ನಾಗಿ ಬರುವವರ ಜಾಗವೂ ಮುಚ್ಚುತ್ತದೆ ಅಂದರೆ, ಮುಚ್ಚುವ ಕಾರಣ ಯಾವಾಗಲೂ ಒಲೆಯ ಮೇಲಿರುವುದಿಲ್ಲ.

ಹಾಗಾದರೆ ಎಲ್ಲಿರುತ್ತದೆ? ಅಮೆರಿಕದ ಆವೃತ್ತಿಯ ಮೊದಲ ಕಂತು ನ್ಯೂಯಾರ್ಕ್ ರಾಜ್ಯದ ಬ್ಯಾಬಿಲಾನ್ ಊರಿನ ಪೀಟರ್ಸ್ ಎಂಬ ಇಟಾಲಿಯನ್ ರೆಸ್ಟೋರೆಂಟಿನದು. ಕೆಟ್ಟು ಕೂತಿದ್ದ ಒಲೆ, ಫ್ರಿಜ್ ಎಲ್ಲ ಹೋಗಿ ಹೊಸದು ಬಂತು. ಮನೆಯವರು ಕುಣಿದಾಡಿದರು. ಆದರೆ ಅದೇ ಕಂತಿನಲ್ಲಿ ಬಾಕಿ ವಸೂಲಿಗೆ ಬಂದವನ ಜೊತೆ ಜಗಳವೂ ಇದೆ. ನೋಡುವವರಿಗೆ ಅದು ಮಜಾ. ನನಗೆ ಆ ಕಂತಿನ ಮುಖ್ಯ ದೃಶ್ಯವೇ ಅದು. ಹೊಸ ಒಲೆ ಬಂದರೆ ಹಳೇ ಬಾಕಿ ತೀರುತ್ತದೆಯೇ? 2008ರಲ್ಲಿ ಪೀಟರ್ಸ್ ಮುಚ್ಚಿತು.

ನೀವು ಕೇಳಿದ 'ಯಾಕೆ'ಗೆ ದೊಡ್ಡ ಉತ್ತರ ಇಲ್ಲೇ ಇದೆ. ಟಿವಿಯವರಿಗೆ ಅರ್ಜಿ ಹಾಕುವ ಹೊತ್ತಿಗೆ ಆ ಹೋಟೆಲ್‌ಗಳ ಕುತ್ತಿಗೆವರೆಗೆ ನೀರು ಬಂದಿರುತ್ತದೆ. ಮನೆ ಅಡವಿಟ್ಟಾಗಿದೆ, ಬಾಡಿಗೆ ಬಾಕಿ, ಸಾಮಾನು ಕೊಡುವವರು ಕೈಗೆ ದುಡ್ಡು ಕೊಟ್ಟರೆ ಮಾತ್ರ ಇಳಿಸುತ್ತಾರೆ. ಚೆನ್ನಾಗಿ ನಡೆಯುವ ಜಾಗದವರು ಯಾಕೆ ಕ್ಯಾಮೆರಾದ ಮುಂದೆ ಬೈಸಿಕೊಳ್ಳಲು ಹೋಗುತ್ತಾರೆ? ಅವರ ಪೈಕಿ ಕೆಲವರು ಉಳಿದರೆ ಅದೇ ದೊಡ್ಡದು. ಮುಚ್ಚಿದ್ದಕ್ಕೆಲ್ಲ ರಾಮ್ಸೆಯನ್ನು ದೂರಿದರೆ, ಐಸಿಯುನಲ್ಲಿ ಸತ್ತವರನ್ನು ಲೆಕ್ಕ ಹಿಡಿದು ಡಾಕ್ಟರ್ ಸರಿಯಿಲ್ಲ ಅಂದ ಹಾಗಾಗುತ್ತದೆ, ಅಷ್ಟು ಮಾತ್ರ ನಾನು ಅವರ ಪರ ಹೇಳುತ್ತೇನೆ.

ಇಲ್ಲಿ ಒಂದು ತಮಾಷೆಯ ಸಂಗತಿ ಇದೆ. 'ಹತ್ತರಲ್ಲಿ ಒಂಬತ್ತು ಹೋಟೆಲ್ ಮೊದಲ ವರ್ಷವೇ ಮುಚ್ಚುತ್ತವೆ' ಅನ್ನುವ ಮಾತು ನೀವೂ ಕೇಳಿರಬಹುದು. 2003ರಲ್ಲಿ ಅಮೆರಿಕದ ಎನ್‌ಬಿಸಿ ವಾಹಿನಿಯಲ್ಲಿ 'ದಿ ರೆಸ್ಟೋರೆಂಟ್' ಎಂಬ ರಿಯಾಲಿಟಿ ಶೋ ಬರುತ್ತಿತ್ತು. ಅದರ ಮಧ್ಯೆ ಬಂದ ಅಮೆರಿಕನ್ ಎಕ್ಸ್‌ಪ್ರೆಸ್ ಕಂಪನಿಯ ಜಾಹೀರಾತಿನಲ್ಲಿ ಇದೇ ಮಾತಿತ್ತು. ಓಹಾಯೋದ ಎಚ್.ಜಿ. ಪಾರ್ಸಾ ಎಂಬ ಪ್ರೊಫೆಸರ್ ಮತ್ತು ಅವರ ಜೊತೆಯವರು, ಹೌದಾ ನೋಡೋಣ ಅಂತ ಕೂತರು. ಕೊಲಂಬಸ್ ನಗರದ ರೆಸ್ಟೋರೆಂಟ್‌ಗಳ 1996ರಿಂದ 1999ರವರೆಗಿನ ದಾಖಲೆ ತೆಗೆದು ಎಣಿಸಿದರು. 2005ರಲ್ಲಿ ಬರಹ ಪ್ರಕಟವಾಯಿತು. ಮೊದಲ ವರ್ಷ ಮುಚ್ಚಿದ್ದು ಸುಮಾರು ಶೇ. 26. ಮೂರು ವರ್ಷ ಕಳೆಯುವಾಗ ಸುಮಾರು ಶೇ. 60. ಜಾಹೀರಾತು ಹೆದರಿಸಿದಷ್ಟು ಕೆಟ್ಟದ್ದಲ್ಲ, ಆದರೆ ನಿದ್ದೆ ಬರುವಷ್ಟು ಒಳ್ಳೆಯದೂ ಅಲ್ಲ, ಅಲ್ವಾ?

ನನಗೆ ಅದರಲ್ಲಿ ಹಿಡಿಸಿದ್ದು ಆ ಅಂಕಿಗಳಲ್ಲ. ಅವರು ಮಾಲೀಕರನ್ನು ಕೂರಿಸಿಕೊಂಡು ಮಾತಾಡಿದಾಗ, ಮುಚ್ಚಿದ್ದಕ್ಕೆ ಮನೆಯ ಕಾರಣಗಳೂ ಹೊರಬಂದವು. ಬೆಳಿಗ್ಗೆಯಿಂದ ರಾತ್ರಿವರೆಗೆ ಹೋಟೆಲಿನಲ್ಲೇ ಇದ್ದು ಸಂಸಾರ ಕೈತಪ್ಪಿದ್ದು, ಮಕ್ಕಳ ಮುಖ ಕಾಣದ್ದು, ಸಾಕಾಗಿ ಹೋದದ್ದು. ಇದನ್ನು ನಾನು ನೂರು ಕಡೆ ನೋಡಿದ್ದೇನೆ. ಹೋಟೆಲ್ ಲಾಭದಲ್ಲಿದ್ದೂ ಮುಚ್ಚಿದ್ದಾರೆ. ಯಾಕೆ ಅಂದರೆ, "ನಾಲ್ಕು ಗಂಟೆಗೆ ಎದ್ದು ಎದ್ದು ಸಾಕಾಯ್ತು ಸಾರ್" ಅಷ್ಟೇ.

ಈಗ ನಿಮ್ಮ ಹುಡುಗ ಹೇಳಿದ ಮೂರು ಮಾತಿಗೆ ಬರೋಣ. ಹೆಸರು, ಒಳಾಂಗಣ, ಮೆನು.

ಹೆಸರು ಬದಲಿಸಿದ ಕಥೆ ಒಂದು ಹೇಳುತ್ತೇನೆ. 'ಬಾರ್ ರೆಸ್ಕ್ಯೂ' ಅಂತ ಒಂದು ಕಾರ್ಯಕ್ರಮ ಇದೆ. 2011ರಲ್ಲಿ ಶುರುವಾಯಿತು, ಜಾನ್ ಟ್ಯಾಫರ್ ಎಂಬುವರು ಮುಳುಗುವ ಬಾರ್‌ಗಳನ್ನು ಎತ್ತಲು ಹೋಗುತ್ತಾರೆ. ಮೇರಿಲ್ಯಾಂಡಿನ ಸಿಲ್ವರ್ ಸ್ಪ್ರಿಂಗ್ ಊರಲ್ಲಿ ಪೈರೇಟ್ಸ್ ಟ್ಯಾವರ್ನ್ ಅಂತ ಒಂದಿತ್ತು. ಕಡಲ್ಗಳ್ಳರ ವೇಷದ ಬಾರು. ಮಾಲೀಕರು, ಕೆಲಸದವರು ಎಲ್ಲ ಕಡಲ್ಗಳ್ಳರ ಉಡುಪಿನಲ್ಲೇ ಇರುತ್ತಿದ್ದರು. ಸುತ್ತಮುತ್ತ ಎಲ್ಲ ಆಫೀಸುಗಳು, ಆಫೀಸಿನವರು ಬರಲಿ ಅಂತ ಟ್ಯಾಫರ್ ವೇಷ ಕಿತ್ತುಹಾಕಿಸಿ 'ಕಾರ್ಪೊರೇಟ್ ಬಾರ್ ಆ್ಯಂಡ್ ಗ್ರಿಲ್' ಅಂತ ಬೋರ್ಡು ಹಾಕಿಸಿದರು. ಲೆಕ್ಕದ ಮೇಲೆ ನೋಡಿದರೆ ಸರಿಯಾದ ಸಲಹೆಯೇ. ಆದರೆ ಕ್ಯಾಮೆರಾ ಹೋಗುತ್ತಲೇ ಮಾಲೀಕರು ಆ ಬೋರ್ಡನ್ನು ಹಾಳುಮಾಡಿ, ಮತ್ತೆ ಕಡಲ್ಗಳ್ಳರಾದರು. ಅವರು ಬಾರ್ ತೆರೆದದ್ದೇ ಕಡಲ್ಗಳ್ಳರಾಗಿರಲು. 2015ರಲ್ಲಿ ಅದು ಮುಚ್ಚಿತು. ಸಲಹೆ ಕೇಳಿದ್ದರೆ ಉಳಿಯುತ್ತಿತ್ತಾ? ಇರಬಹುದು. ಆದರೆ ಬೇಡದ ಮನಸ್ಸಿನಿಂದ ದಿನಾ ಹದಿನಾಲ್ಕು ಗಂಟೆ ಬಾರ್ ನಡೆಸುವುದು ಯಾರಿಂದಲೂ ಆಗುವುದಿಲ್ಲ.

ಆ ಡಿಲನ್ಸ್ ಅಂದೆನಲ್ಲ, ಅದರದ್ದೂ ಹೆಸರಿನ ಕಥೆಯೇ. ಅಲ್ಲಿ ಐರಿಷ್, ಅಮೆರಿಕನ್, ಇಂಡಿಯನ್ ಎಲ್ಲ ಒಂದೇ ಮೆನುವಿನಲ್ಲಿತ್ತು. ನಮ್ಮ ಹೆದ್ದಾರಿ ಬದಿಯ 'ಸೌತ್, ನಾರ್ತ್, ಚೈನೀಸ್' ಬೋರ್ಡಿನ ಅಣ್ಣ. ರಾಮ್ಸೆ ಅದನ್ನು ಬರೀ ಭಾರತೀಯ ಅಡುಗೆಗೆ ಇಳಿಸಿ 'ಪೂರ್ಣಿಮಾ' ಅಂತ ಹೆಸರಿಟ್ಟರು. ಸಹಾಯಕ್ಕೆ ಬಂದವರು ವಿಕಾಸ್ ಖನ್ನಾ, ಮುಂದೆ ಮಾಸ್ಟರ್‌ಶೆಫ್ ಇಂಡಿಯಾದಲ್ಲಿ ನೀವು ನೋಡಿದ ಅದೇ ವಿಕಾಸ್ ಖನ್ನಾ. ಇದಕ್ಕಿಂತ ಒಳ್ಳೆಯ ಸಹಾಯ ಯಾರಿಗೆ ಸಿಗುತ್ತದೆ? ಆದರೂ ಪೂರ್ಣಿಮಾ ಇವತ್ತಿಲ್ಲ. ಹನ್ನೊಂದು ವರ್ಷ ಜನರ ಬಾಯಲ್ಲಿರುವ ಹೆಸರನ್ನು ನಿಮ್ಮವರು ಕೈಬಿಡಬೇಕಾಗಿಲ್ಲ. ಊಟ ಕೆಟ್ಟು ಹೆಸರು ಕೆಟ್ಟಿದ್ದರೆ ಬೇರೆ ಮಾತು. ಪತ್ರದಲ್ಲಿ ನೀವು ಹಾಗೆ ಹೇಳಿಲ್ಲ.

ಒಳಾಂಗಣ. ಕೊಳಕಾಗಿದ್ದರೆ ತೊಳೆಯಿರಿ, ಸುಣ್ಣ ಬಣ್ಣ ಹೊಡೆಸಿ. ಕಕ್ಕಸಿನ ಬಾಗಿಲು ಮುರಿದಿದ್ದರೆ ಮೊದಲು ಅದನ್ನು ಹಾಕಿಸಿ, ಹೆಂಗಸರು ಮಕ್ಕಳು ಇರುವ ಸಂಸಾರ ಅದೊಂದು ಕಾರಣಕ್ಕೆ ಹೋಟೆಲ್ ಬದಲಿಸುತ್ತದೆ. ಇದಕ್ಕೆ ಏಳು ಲಕ್ಷ ಬೇಡ. ಬೆಂಗಳೂರಿನಲ್ಲಿ ಹೋಟೆಲ್ ವ್ಯಾಪಾರವನ್ನೇ ತಿರುಗಿಸಿದ ದರ್ಶಿನಿಯ ಕಥೆ ಗೊತ್ತಲ್ಲ? 1983ರಲ್ಲಿ ಜಯನಗರದಲ್ಲಿ ಆರ್. ಪ್ರಭಾಕರ್ ಅವರು ಕೆಫೆ ದರ್ಶಿನಿ ಶುರುಮಾಡಿಸಿದಾಗ ಹೊಸ ಕುರ್ಚಿ ತರಲಿಲ್ಲ, ಇದ್ದ ಕುರ್ಚಿಯ ಪದ್ಧತಿಯನ್ನೇ ತೆಗೆದರು. ನಿಂತು ತಿನ್ನು, ಕಣ್ಣೆದುರೇ ಅಡುಗೆ, ಸಪ್ಲೈಯರ್ ಇಲ್ಲ, ಬೆಲೆ ಕಮ್ಮಿ. ಒಂದೇ ಜಾಗದಲ್ಲಿ ಗಂಟೆಗೆ ಎಷ್ಟು ಜನ ತಿಂದು ಹೋಗುತ್ತಾರೆ ಅನ್ನುವುದು ಅಲ್ಲಿನ ಲೆಕ್ಕ. ದೀಪದ ಬಣ್ಣ ಆಮೇಲೆ.

ಮೆನು. ಇಲ್ಲಿ ಮಾತ್ರ ಟಿವಿಯವರು ಹೇಳುವುದು ನೂರಕ್ಕೆ ನೂರು ಸರಿ, ನಿಮ್ಮ ಹುಡುಗನೂ ಸರಿ. ಆದರೆ ಅವನು ಬದಲಿಸೋಣ ಅನ್ನುತ್ತಿದ್ದಾನೆ, ನಾನು ಇಳಿಸಿ ಅನ್ನುತ್ತೇನೆ. ಯಾವ ದೇಶದ ಕಂತು ತೆಗೆದರೂ ಈ ಸಲಹೆ ಇದ್ದೇ ಇರುತ್ತದೆ. ಎಂಬತ್ತು ಐಟಂ ಇರುವ ಮೆನು ಅಂದರೆ ಎಂಬತ್ತು ಐಟಂನ ಸಾಮಾನು ಫ್ರಿಜ್‌ನಲ್ಲಿ ಕೂತಿರಬೇಕು. ದಿನಕ್ಕೆ ಒಬ್ಬ ಕೇಳುವ ಪನೀರ್ ಐಟಂಗೆ ಒಂದು ಕೆಜಿ ಪನೀರ್ ತಂದು, ಮುಕ್ಕಾಲು ಕೆಜಿ ಮೂರನೇ ದಿನ ಹುಳಿ ಹಿಡಿದು, ಅದನ್ನು ಎಸೆಯಲು ಮನಸ್ಸು ಬಾರದೆ ನಾಲ್ಕನೇ ದಿನ ಗ್ರೇವಿಗೆ ಹಾಕಿ, ಐದನೇ ದಿನ ಗಿರಾಕಿ ಹೋಗಿ. ಹೀಗೆಯೇ ಆಗುವುದು.

ಈ ವಿಷಯದಲ್ಲಿ ನನಗೆ ಇಷ್ಟವಾದದ್ದು ಕೊರಿಯಾದ ಕಾರ್ಯಕ್ರಮ. ಎಸ್‌ಬಿಎಸ್ ವಾಹಿನಿಯಲ್ಲಿ 2018ರಿಂದ 2021ರವರೆಗೆ ಬಂತು. ಬೆಕ್ ಜಾಂಗ್-ವನ್ ಎಂಬ ಹೋಟೆಲ್ ಉದ್ಯಮಿ ಸಂದಿಗೊಂದಿಗಳ ಸಣ್ಣ ಅಂಗಡಿಗಳಿಗೆ ಹೋಗಿ ರುಚಿ ನೋಡುತ್ತಾರೆ. ರಾಮ್ಸೆಯ ಹಾಗೆ ಕೂಗಾಟ ಇಲ್ಲ. ಮಾವ ಬಂದು ಅಳಿಯನ ಅಂಗಡಿ ನೋಡಿದ ಹಾಗೆ, ತಣ್ಣಗೆ, ಆದರೆ ಬೆವರು ಬರುವ ಹಾಗೆ ಕೇಳುತ್ತಾರೆ. ಸೋಲ್ ನಗರದ ಹಾಂಗ್-ಉನ್ ಬಡಾವಣೆಯ ಒಂದು ಹಳೇ ಮಾರ್ಕೆಟ್ಟಿನಲ್ಲಿ ಗಂಡ ಹೆಂಡತಿ ಇಬ್ಬರೇ ನಡೆಸುವ ಅಂಗಡಿ ಇತ್ತು. ಬ್ರೆಡ್ ಪುಡಿ ಹಚ್ಚಿ ಕರಿದ ಹಂದಿ ಮಾಂಸ ಅವರ ಕೈಗುಣ. ಬೆಕ್ ತಿಂದು ನೋಡಿ, ಅಡುಗೆಯಲ್ಲಿ ತಿದ್ದುವುದು ಏನೂ ಇಲ್ಲ ಅಂದರು. ಮೆನು ಇಳಿಸಿ ಅಂದರು ಅಷ್ಟೇ. ಗಂಡನಿಗೆ ಹಿಂಜರಿಕೆ, ಹೆಂಡತಿ ಹೂಂ ಅಂದರು.

ಕಾರ್ಯಕ್ರಮ ಬಂದದ್ದೇ ತಡ, ಜನ ಹಿಂದಿನ ರಾತ್ರಿಯೇ ಬಂದು ಸಾಲು ನಿಂತರು. ಇಬ್ಬರ ಕೈಯಲ್ಲಿ ದಿನಕ್ಕೆ ಆಗುವುದೇ ಇಷ್ಟು, ಸಾಲು ಅದರ ಎಷ್ಟೋ ಪಟ್ಟು. ಸುತ್ತಲಿನ ಮನೆಯವರಿಗೆ ನಿದ್ದೆ ಇಲ್ಲ, ದೂರು ಶುರು. ಒಂದು ವರ್ಷ ತಡೆದು, 2019ರ ಡಿಸೆಂಬರ್‌ನಲ್ಲಿ ಆ ದಂಪತಿ ಊರು ಬಿಟ್ಟು ಜೇಜು ದ್ವೀಪಕ್ಕೆ ಅಂಗಡಿ ಸಾಗಿಸಿದರು. ಕಾಪಾಡಲು ಬಂದದ್ದು ಊರು ಬಿಡಿಸಿತು. ಅವರೇನೋ ಹೋದಲ್ಲಿ ಗೆದ್ದರು. ಎಲ್ಲರಿಗೂ ಹಾಗಾಗುವುದಿಲ್ಲ. ಇಂಗ್ಲೆಂಡಿನ ಬ್ರೈಟನ್ನಿನಲ್ಲಿ ಮಾಮಾ ಚೆರೀಸ್ ಎಂಬ ಜಾಗ ಇತ್ತು. ರಾಮ್ಸೆ ತಟ್ಟೆ ಖಾಲಿ ಮಾಡಿ ಹೊಗಳಿದ ಅಪರೂಪದ ಜಾಗ. ಕಾರ್ಯಕ್ರಮದ ನಂತರ ಜನ ತುಂಬಿದರು, ದೊಡ್ಡ ಕಟ್ಟಡಕ್ಕೆ ಹೋದರು. ಕೆಲವೇ ವರ್ಷಗಳಲ್ಲಿ ಮುಚ್ಚಿತು. ಟಿವಿ ನೋಡಿ ಬರುವ ಜನ ಜಾತ್ರೆಯ ಜನ ಇದ್ದ ಹಾಗೆ. ಜಾತ್ರೆ ಲೆಕ್ಕದಲ್ಲಿ ವರ್ಷದ ಬಾಡಿಗೆ ಒಪ್ಪಿಕೊಳ್ಳಬಾರದು.

ಸರಿ, ನಿಮ್ಮ ಮನೆಯ ಲೆಕ್ಕ. ನೀವು ಅಂಕಿ ಕಳಿಸಿಲ್ಲ, ಹಾಗಾಗಿ ಒಂದು ಅಂದಾಜಿನ ಹೋಟೆಲ್ ಹಿಡಿಯುತ್ತೇನೆ. ದಿನದ ವ್ಯಾಪಾರ 14,000. ತಿಂಗಳಿಗೆ 4,20,000. ದಿನಸಿ, ತರಕಾರಿ, ಹಾಲು, ಎಣ್ಣೆಗೆ ನೂರಕ್ಕೆ 42 ಹೋಗುತ್ತದೆ ಅನ್ನಿ, ಅಂದರೆ 1,76,400. ಸಂಬಳ 1,20,000. ಬಾಡಿಗೆ 60,000. ಗ್ಯಾಸ್, ಕರೆಂಟು, ನೀರು 45,000. ಉಳಿದದ್ದು 18,600. ಹಳೇ ಸಾಲದ ಕಂತು 38,000. ಅಲ್ಲಿಗೆ ತಿಂಗಳಿಗೆ 19,400 ಕೈಯಿಂದ. ಮಾಲೀಕರಿಗೆ ಸಂಬಳವನ್ನೇ ನಾನು ಇನ್ನೂ ಹಿಡಿದಿಲ್ಲ, ಅದನ್ನು ಯಾರೂ ಹಿಡಿಯುವುದಿಲ್ಲ, ಅದೇ ಮೊದಲ ತಪ್ಪು.

ಈಗ ಎರಡು ದಾರಿ ನೋಡಿ. ಒಂದು, ಏಳು ಲಕ್ಷ ತಂದರೆ ಕಂತು ಇನ್ನೊಂದು ಸೇರುತ್ತದೆ. ನಷ್ಟ ಕೂಡಲೇ ಹೆಚ್ಚು, ವ್ಯಾಪಾರ ಏರುತ್ತೋ ಇಲ್ಲವೋ ನೋಡಬೇಕು. ಇನ್ನೊಂದು, ಮೆನು ಇಳಿಸಿ, ಎಸೆಯುವುದನ್ನು ತಡೆದು, 42 ಇದ್ದದ್ದನ್ನು 36ಕ್ಕೆ ತಂದರೆ ತಿಂಗಳಿಗೆ 25,200 ಉಳಿಯುತ್ತದೆ. ಒಬ್ಬ ಗಿರಾಕಿಯೂ ಹೆಚ್ಚು ಬರದೆ 19,400 ನಷ್ಟ ಹೋಗಿ 5,800 ಕೈಯಲ್ಲಿ ನಿಲ್ಲುತ್ತದೆ. ಟಿವಿಯಲ್ಲಿ ಇದನ್ನು ಯಾಕೆ ತೋರಿಸುವುದಿಲ್ಲ ಅಂದರೆ, ಕಸದ ಬಕೆಟ್ ತೂಗುವ ಮನುಷ್ಯನನ್ನು ಯಾರು ನೋಡುತ್ತಾರೆ?

ಬಾಡಿಗೆ ಅಥವಾ ಸಾಲವೇ ವ್ಯಾಪಾರವನ್ನು ಮೀರಿದ್ದರೆ ಈ ಲೆಕ್ಕವೂ ಸಾಲದು. ಆಗ ಸಣ್ಣ ಜಾಗಕ್ಕೆ ಹೋಗುವುದು, ಮಧ್ಯಾಹ್ನದ ಊಟ ನಿಲ್ಲಿಸುವುದು, ಏನಾದರೂ ಒಂದನ್ನು ಕೈಬಿಡಬೇಕಾಗುತ್ತದೆ. ತುರ್ತು ಪರಿಸ್ಥಿತಿಯ ಕಾಲದಲ್ಲಿ ದರ ಇಳಿಸಲೇಬೇಕಾಗಿ ಬಂದಾಗ ಬೆಂಗಳೂರಿನ ಎಂ.ಟಿ.ಆರ್.ನವರು ದಿನದ ನಷ್ಟವನ್ನು ಬೋರ್ಡಿನಲ್ಲಿ ಬರೆದು ತೋರಿಸಿ, ಕೊನೆಗೆ ಹೋಟೆಲನ್ನೇ ಮುಚ್ಚಿದರು. ಕೆಲಸದವರನ್ನು ಇಟ್ಟುಕೊಂಡು ರವೆ ಇಡ್ಲಿಯ ಮಿಕ್ಸ್, ಮಸಾಲೆ ಪುಡಿ ಮಾರಿದರು. ಹೋಟೆಲ್ ಆಮೇಲೆ ಮತ್ತೆ ತೆರೆಯಿತು. ಮುಚ್ಚುವುದೂ ಕೆಲವೊಮ್ಮೆ ಉಳಿಸುವ ದಾರಿ, ಭಾವನವರಿಗೆ ಇದನ್ನು ನೀವು ಹೇಳಬೇಡಿ, ನಾನು ಹೇಳಿದೆ ಅಂತ ತೋರಿಸಿ.

ಇನ್ನು ಕೊನೆಯ ಮಾತು, ಕಷ್ಟದ ಮಾತು. 2013ರಲ್ಲಿ ಬಂದ ಕಂತೊಂದನ್ನು ನಿಮ್ಮ ಹುಡುಗ ಖಂಡಿತ ನೋಡಿರುತ್ತಾನೆ. ಅರಿಜೋನಾದ ಸ್ಕಾಟ್ಸ್‌ಡೇಲ್‌ನ ಏಮೀಸ್ ಬೇಕಿಂಗ್ ಕಂಪನಿ. ಅಡುಗೆಮನೆ ಥಳಥಳ ಹೊಳೆಯುತ್ತಿತ್ತು, ರಾಮ್ಸೆಯೇ ಮೆಚ್ಚಿದರು. ಒಳಾಂಗಣಕ್ಕೂ ಕೊರತೆ ಇರಲಿಲ್ಲ. ಆದರೆ ಹೊರಗಿಂದ ತಂದ ರವಿಯೋಲಿಯನ್ನು, ಅಂದರೆ ಒಳಗೆ ಹೂರಣ ತುಂಬಿದ ಇಟಲಿಯ ತಿನಿಸನ್ನು, ಬಿಸಿಮಾಡಿ ಕೊಡುತ್ತಿದ್ದರು, ಸಪ್ಲೈಯರ್‌ಗಳಿಗೆ ಜನ ಕೊಟ್ಟ ಟಿಪ್ಸನ್ನು ಮಾಲೀಕರೇ ಇಟ್ಟುಕೊಳ್ಳುತ್ತಿದ್ದರು, ಊಟ ಚೆನ್ನಾಗಿಲ್ಲ ಅಂದ ಗಿರಾಕಿಯ ಮೇಲೆ ಜಗಳಕ್ಕೆ ಹೋಗುತ್ತಿದ್ದರು. ಏನು ಹೇಳಿದರೂ ತಪ್ಪು ಬೇರೆಯವರದ್ದು. ಆ ಕಾರ್ಯಕ್ರಮದಲ್ಲಿ ಮೊದಲ ಸಲ ರಾಮ್ಸೆ, ನನ್ನಿಂದ ಆಗುವುದಿಲ್ಲ ಅಂತ ಎದ್ದು ಹೋದರು. 2015ರಲ್ಲಿ ಅದು ಮುಚ್ಚಿತು. ನನ್ನ ಕೆಲಸದಲ್ಲಿ ನಾನು ಹೆದರುವುದು ಕೊಳಕು ಅಡುಗೆಮನೆಗಲ್ಲ, ಇಂಥ ಮಾಲೀಕರಿಗೆ.

ಆದರೆ ಒಳ್ಳೆಯ ಮಾಲೀಕರ ಹತ್ತಿರವೂ ನಾನು ಸೋತಿದ್ದೇನೆ. ಎಂಟು ವರ್ಷದ ಹಿಂದೆ ಮೈಸೂರಿನ ಒಂದು ಮೆಸ್. ಮೆನುವಿನಲ್ಲಿ 64 ಐಟಂ. ನಾನು ಕೂತು 22ಕ್ಕೆ ಇಳಿಸಿದೆ. ದಿನಾ ಸಂಜೆ ಹೋಗಿ ಸ್ಟಾಕ್ ಬರೆದೆ, ಮಿಕ್ಕಿದ್ದು ಬರೆದೆ. ಎರಡನೇ ತಿಂಗಳಿಗೆ ನಷ್ಟ ನಿಂತಿತು. ಸನ್ಮಾನವೂ ಆಯಿತು, ಮೈಸೂರು ಪೇಟ, ಹಾರ ಎಲ್ಲ. ನಾಲ್ಕನೇ ತಿಂಗಳು ನಾನು ಹೋಗುವುದು ನಿಲ್ಲಿಸಿದೆ. ವರ್ಷ ಕಳೆದು ಹೋಗಿ ನೋಡಿದರೆ ಐಟಂ ಮತ್ತೆ 58. ಹಳೇ ಗಿರಾಕಿಗಳು ಕೇಳುತ್ತಾರೆ, ಇಲ್ಲ ಅನ್ನಲು ಅವರಿಗೆ ಬಾಯಿ ಬರುವುದಿಲ್ಲ. ನೋಟ್‌ಬುಕ್ ಎಲ್ಲಿ ಅಂತ ಕೇಳಿದೆ. ಗಲ್ಲಾದ ಕೆಳಗಿಂದ ತೆಗೆದುಕೊಟ್ಟರು. ನಾನು ಬರೆದ ಕೊನೆಯ ಹಾಳೆಯ ನಂತರ ಒಂದು ಗೆರೆಯೂ ಇಲ್ಲ. ತಪ್ಪು ಅವರದ್ದಲ್ಲ, ನನ್ನದು. ಲೆಕ್ಕ ನಾನೇ ಬರೆದಿದ್ದೆ. ಟಿವಿಯವರು ಒಂದು ವಾರ ಮಾಡುವುದನ್ನು ನಾನು ಮೂರು ತಿಂಗಳು ಮಾಡಿದ್ದೆ, ಅಷ್ಟೇ ವ್ಯತ್ಯಾಸ.

ಹಾಗಾಗಿ ನಿಮ್ಮವರು ನಾಳೆಯಿಂದ ಹೀಗೆ ಮಾಡಲಿ. ಎರಡು ಬಕೆಟ್ ತರಲಿ. ಒಂದಕ್ಕೆ ಅಡುಗೆಮನೆಯಲ್ಲಿ ಕೆಟ್ಟು ಎಸೆಯುವುದು, ಇನ್ನೊಂದಕ್ಕೆ ಗಿರಾಕಿಯ ತಟ್ಟೆಯಲ್ಲಿ ಉಳಿಯುವುದು. ರಾತ್ರಿ ಎರಡನ್ನೂ ತೂಗಿ ಬರೆಯಲಿ. ತಟ್ಟೆಯ ಬಕೆಟ್ ಭಾರವಾಗಿದ್ದರೆ ರುಚಿ ಕೆಟ್ಟಿದೆ ಅಥವಾ ಬಡಿಸುವ ಅಳತೆ ಜಾಸ್ತಿ. ಅಡುಗೆಮನೆಯ ಬಕೆಟ್ ಭಾರವಾಗಿದ್ದರೆ ಮೆನು ಉದ್ದ ಅಥವಾ ಖರೀದಿ ಅಂದಾಜಿಲ್ಲ. ಜೊತೆಗೆ ಯಾವ ಐಟಂ ದಿನಕ್ಕೆ ಎಷ್ಟು ಹೋಯಿತು ಅಂತ ಗೆರೆ ಎಳೆಯುತ್ತಾ ಹೋಗಲಿ. ಮನೆ ಖರ್ಚಿಗೆ ಗಲ್ಲಾದಿಂದ ತೆಗೆದದ್ದನ್ನೂ ಬರೆಯಬೇಕು, ಐವತ್ತು ರೂಪಾಯಿಯಾದರೂ. ಹುಡುಗನಿಗೆ ಬೇಸರ ಬೇಡ, ಅವನು ಈ ಹದಿನೈದು ದಿನ ಊರಿನ ಬೇರೆ ಐದು ಹೋಟೆಲಿನಲ್ಲಿ ತಿಂದು ಬಂದು, ಏನು ಎಷ್ಟಕ್ಕೆ ಕೊಡುತ್ತಾರೆ ಅಂತ ಬರೆಯಲಿ. ರಾಮ್ಸೆ ಮಾಡುವುದೂ ಅದನ್ನೇ.

ಹದಿನಾರನೇ ದಿನ ಆ ನೋಟ್‌ಬುಕ್ಕಿನ ಹಾಳೆಗಳ ಫೋಟೊ ನನಗೆ ಕಳಿಸಿ. ಸಾಲದ ಮಾತು ಆಮೇಲೆ ಆಡೋಣ. ಒಂದೇ ಷರತ್ತು, ಬರೆದದ್ದು ಭಾವನವರ ಅಕ್ಷರದಲ್ಲೇ ಇರಬೇಕು. ಮಗನದ್ದೂ ಬೇಡ, ನಿಮ್ಮದೂ ಬೇಡ.